ಮೂರನೆಯ ಮಾತು ಬಿಟ್ಟ ಕರಪತ್ರ

ನಾನು ಪಾಠಶಾಲೆಯಲ್ಲಿದ್ದ ಕಾಲದಲ್ಲಿ, ಓದುವಾಗ ಒಂದು ಅಕ್ಷರ ಬಿಟ್ಟರೆ ನಮ್ಮ ಗುರುಗಳು ಇಡೀ ಅಧ್ಯಾಯವನ್ನು ಮೊದಲಿನಿಂದ ಹೇಳಿಸುತ್ತಿದ್ದರು. ತಪ್ಪಾಗಿ ಓದಿದರೆ ಅಷ್ಟು ಕಠಿಣರಾಗುತ್ತಿರಲಿಲ್ಲ; ತಿದ್ದಿ ಮುಂದೆ ಹೋಗುತ್ತಿದ್ದರು. ತಪ್ಪು ಓದಿದವನು ಏನನ್ನೋ ಉಚ್ಚರಿಸಿದ್ದಾನೆ, ಕೇಳಿದವರು ತಿದ್ದಬಹುದು. ಬಿಟ್ಟು ಓದಿದ್ದನ್ನು ಕೇಳಿದವರು ತಿದ್ದುವುದಾದರೂ ಹೇಗೆ ಎಂಬುದು ಅವರ ವಾದ. ಅಂಥವರ ಪಾದದ ಬಳಿ ಹನ್ನೆರಡು ವರ್ಷ ಕುಳಿತ ನಾನು, ನಲವತ್ತು ದಾಟಿದ ಮೇಲೆ, ಎರಡನೆಯ ಸಾರ್ವತ್ರಿಕ ಚುನಾವಣೆಯ ಸಂದರ್ಭದಲ್ಲಿ, ಬಂಗಾರಪೇಟೆಯ ಅಚ್ಚುಕೂಟವೊಂದರಲ್ಲಿ ನಿಂತು ಎಂಟು ಸಾಲುಗಳನ್ನು ಬಿಟ್ಟು ಅಚ್ಚು ಹಾಕಿಸಿದೆ. ಗೊತ್ತಿದ್ದೇ ಬಿಟ್ಟೆ. ಆ ಕೆಲವು ವಾರಗಳ ಕೆಲಸ ನಡೆದ ಬಗೆಯನ್ನು, ಭಗವಂತನು ನೆನಪನ್ನು ಇನ್ನೂ ಉಳಿಸಿರುವಾಗಲೇ, ಇದ್ದದ್ದು ಇದ್ದಂತೆ ಬರೆದಿಡಬೇಕೆನಿಸಿದೆ.

ನಾನಿದ್ದ ಪಕ್ಷದ ಹೆಸರು ಇಲ್ಲಿ ಬೇಡ. ಅದರ ಬಂಗಾರಪೇಟೆ ಕಚೇರಿಯಲ್ಲಿ ಬರವಣಿಗೆಯ ಕೆಲಸ ನನ್ನದು. ಮತದಾರರ ಪಟ್ಟಿಯನ್ನು ಹಳ್ಳಿ ಹಳ್ಳಿಯ ಲೆಕ್ಕದಲ್ಲಿ ಬೇರೆ ಪುಸ್ತಕಗಳಿಗೆ ಇಳಿಸುವುದು, ಮನೆ ಮನೆಗೆ ಹೋಗಿ ಸತ್ತವರ ಹೆಸರನ್ನೂ ಮದುವೆಯಾಗಿ ಹೋದವರ ಹೆಸರನ್ನೂ ಗುರುತಿಸಿಕೊಳ್ಳುವುದು, ಕರಪತ್ರ ಬರೆದು ಅಚ್ಚಿಗೆ ಕೊಡುವುದು, ಓದಲು ಬಾರದವರ ಮುಂದೆ ಅದನ್ನು ಗಟ್ಟಿಯಾಗಿ ಓದುವುದು. ಈ ಕೊನೆಯ ಕೆಲಸಕ್ಕಾಗಿಯೇ ನನ್ನನ್ನು ಆರಿಸಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ನಾನು ಪೌರೋಹಿತ್ಯ ಮಾಡುತ್ತಿದ್ದೆ. ನನ್ನ ಬಾಯಿಂದ ಬಂದದ್ದನ್ನು ಜನ ಎದ್ದು ಹೋಗದೆ ಕೇಳುತ್ತಿದ್ದರು.

ಆ ಕಾಲದ ಮತದಾನ ಇಂದಿನಂತಿರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆಯ ಚೀಟಿ. ಮತದಾರನು ಕಾಗದ ಹಿಡಿದು ಪರದೆಯ ಹಿಂದೆ ಹೋಗಿ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಿ ಬರಬೇಕು. ಗುರುತು ಒತ್ತುವ ಪದ್ಧತಿ ನಮ್ಮ ಕಡೆಗೆ ಬಂದದ್ದು ಅದರ ಮುಂದಿನ ಚುನಾವಣೆಗೆ.

ಕರಪತ್ರಕ್ಕೆ ನಾಲ್ಕು ಮಾತುಗಳನ್ನು ಬರೆದೆ. ಒಂದನೆಯದು ಕೆರೆಗಳ ಹೂಳು, ಎರಡನೆಯದು ರಸ್ತೆ ಮತ್ತು ದೀಪ, ನಾಲ್ಕನೆಯದು ಶಾಲೆ. ಮೂರನೆಯದು ಹೀಗಿತ್ತು: ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧವೆಂದು ಸಾರುವ ಕಾಯಿದೆ ಬಂದು ಎರಡು ವರ್ಷವಾಯಿತು, ಸಾರ್ವಜನಿಕ ಬಾವಿ, ಹೋಟೆಲು, ದೇವಾಲಯಗಳಲ್ಲಿ ಯಾರನ್ನೂ ತಡೆಯುವಂತಿಲ್ಲ, ನಮ್ಮ ಪಕ್ಷವು ಈ ಕಾಯಿದೆಯನ್ನು ಊರೂರಿನಲ್ಲಿ ಜಾರಿಗೆ ತರಿಸುತ್ತದೆ. ಅದನ್ನು ಬರೆಯುವುದು ನನಗೆ ಕಷ್ಟವಾಗಲಿಲ್ಲ ಎಂಬುದನ್ನೂ ಹೇಳಬೇಕು. ಒಳ್ಳೆಯ ಕನ್ನಡದಲ್ಲಿ ಬರೆಯುವುದಕ್ಕೂ ಅದರಂತೆ ಬದುಕುವುದಕ್ಕೂ ಇರುವ ದೂರವನ್ನು ನಾನು ಆಗ ಅಳೆದಿರಲಿಲ್ಲ.

ಪಕ್ಷದ ಕಾರ್ಯದರ್ಶಿಗಳು ಧಾನ್ಯದ ಮಂಡಿ ನಡೆಸುತ್ತಿದ್ದವರು. ಹಸ್ತಪ್ರತಿಯನ್ನು ಎರಡು ಸಲ ಓದಿ ಮೂರನೆಯ ಮಾತಿನ ಮೇಲೆ ಬೆರಳಿಟ್ಟರು.

"ಶಾಸ್ತ್ರಿಗಳೇ, ಊರಿಗಾಂ, ಚಾಂಪಿಯನ್ ರೀಫ್ಸ್, ಕೋರಮಂಡಲ್, ಈ ಚಿನ್ನದ ಗಣಿ ಕೂಲಿಯವರ ಲೈನುಮನೆಗಳಿಗೆ ಇದು ಬೇಕೇ ಬೇಕು. ಅಲ್ಲಿ ಇದಿಲ್ಲದೆ ಓಟು ಕೇಳೋಕಾಗಲ್ಲ. ಹಳ್ಳಿಗೆ ಹೋಗೋ ಕಾಗದದಲ್ಲಿ ಮಾತ್ರ ಬೇಡ."

"ಒಂದೇ ಪಕ್ಷ, ಎರಡು ಕಾಗದವೇ?"

"ಸುಳ್ಳು ಹೇಳಿ ಅಂದೆನೇ ನಾನು? ಒಂದು ಮಾತು ಕಡಿಮೆ ಹೇಳಿ ಅಂದೆ."

"ಗಣಿಯ ಜನ ಹಳ್ಳಿಗೆ ಬರುತ್ತಾರಲ್ಲ."

"ಭಾನುವಾರ ಬರ್ತಾರೆ. ಹೆಂಡತಿಗೆ ಹೂವು ತರ್ತಾರೆ, ಮಕ್ಕಳಿಗೆ ಬನ್ನು ತರ್ತಾರೆ. ಕರಪತ್ರ ತರ್ತಾರೇನ್ರೀ?"

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ತಮಿಳು ಮಾತಿನ ಹಿರಿಯರು. ಕನ್ನಡದ ಅಕ್ಷರಗಳನ್ನು ಬೆರಳಿನಿಂದಲೇ ಬಲ್ಲವರು. ಮೊದಲು ನಾಲ್ಕು ಮಾತುಗಳ ಪ್ರತಿಯನ್ನು ಗಣಿ ಲೈನುಗಳಿಗಾಗಿ ಹೊಡೆದರು. ಆಮೇಲೆ ಚೌಕಟ್ಟನ್ನು ಸಡಿಲಿಸಿ ಆ ಎಂಟು ಸಾಲುಗಳನ್ನು ದಾರದಲ್ಲಿ ಕಟ್ಟಿ ಎತ್ತಿ ಪಕ್ಕದ ತಟ್ಟೆಯಲ್ಲಿಟ್ಟರು. ಕೆಳಗಿನ ಸಾಲುಗಳನ್ನು ಮೇಲಕ್ಕೆ ಸರಿಸಿ, ಸೀಸದ ಪಟ್ಟಿಗಳನ್ನು ತುರುಕಿ ಬಿಗಿ ಮಾಡಿದರು. ಹೊಸ ಕರಡಚ್ಚು ಬಂತು. ನಾನು ಓದಿದೆ. ಒಂದು ಅನುಸ್ವಾರ ಬಿದ್ದು ಹೋಗಿತ್ತು, ಗುರುತು ಹಾಕಿದೆ. ಒಂದು ಒತ್ತಕ್ಷರ ಮುರಿದಿತ್ತು, ಬದಲಾಯಿಸಿ ಎಂದೆ. ಸರಿ ಇದೆ ಎಂದು ಸಹಿ ಮಾಡಿ ಮನೆಗೆ ಹೋದೆ.

ಅಂಕಿಗಳನ್ನು ಯಾರೂ ಬದಲಾಯಿಸಿರಲಿಲ್ಲ. ಹಳ್ಳಿಗಳಿಗೆ ಹೊರಟ ಕರಪತ್ರದಲ್ಲಿ ೧, ೨, ೪ ಎಂದು ಇತ್ತು.

ಮುರಿದ ಒತ್ತಕ್ಷರವನ್ನು ಕಂಡ ಕಣ್ಣು ಇದನ್ನು ಹೇಗೆ ಕಾಣಲಿಲ್ಲ ಎಂದು ಬಹಳ ದಿನ ಯೋಚಿಸಿದ್ದೇನೆ. ನಾನು ಬರೆದದ್ದು ನನಗೆ ಕಂಠಪಾಠವಾಗಿತ್ತು. ಎರಡನೆಯದನ್ನು ಓದಿ ಮುಗಿಸುವಾಗಲೇ ಮೂರನೆಯದು ಮನಸ್ಸಿನಲ್ಲಿ ತಾನಾಗಿ ಹರಿದುಹೋಯಿತು. ನಾಲ್ಕನ್ನು ಕಂಡಾಗ ಅದು ಸಹಜವಾಗಿಯೇ ತೋರಿತು. ಬಾಯಿಪಾಠದಲ್ಲಿ ಬೆಳೆದವರಿಗೆ ಮಾತ್ರ ಆಗಬಹುದಾದ ತಪ್ಪು ಅದು.

ಬಂಗಾರಪೇಟೆಗೆ ಮೂರು ಮೈಲಿಯ ಒಂದು ಹಳ್ಳಿ ನನ್ನ ಪಾಲಿನದು. ಆ ಊರಿನ ಪಟೇಲರ ಮನೆಯಲ್ಲಿ ವರ್ಷಕ್ಕೆ ನಾಲ್ಕಾರು ಸಲ ಪೂಜೆಗೆ ಹೋಗುತ್ತಿದ್ದೆ. ಊರ ನಡುವೆ ಸರ್ಕಾರದ ಖರ್ಚಿನಲ್ಲಿ ತೋಡಿಸಿದ ಬಾವಿ. ಪೂಜೆಗೆ ಮಡಿಯುಟ್ಟು ನಾನೇ ನೀರು ಸೇದುತ್ತಿದ್ದದ್ದು ಅದರಿಂದಲೇ. ಊರಾಚೆಗೆ ಆದಿಕರ್ನಾಟಕರ ಕೇರಿ. ಅಲ್ಲಿನ ಹೆಂಗಸರು ಬಾವಿಯಿಂದ ಹತ್ತು ಮಾರು ದೂರದಲ್ಲಿ ಕೊಡ ಇಟ್ಟುಕೊಂಡು, ಸೇದಲು ಬಂದವರು ಯಾರಾದರೂ ತಮ್ಮ ಕೊಡಕ್ಕೆ ಮೇಲಿನಿಂದ ಹೊಯ್ಯಲಿ ಎಂದು ಕಾಯುತ್ತಿದ್ದರು. ಎಷ್ಟೋ ಸಲ ನಾನು ಅವರ ಮುಂದೆಯೇ ನೀರು ಸೇದಿಕೊಂಡು ಹೋಗಿದ್ದೇನೆ.

ಕೇರಿಯ ಯಜಮಾನ ವೃದ್ಧ. ಮೊದಲನೆಯ ಚುನಾವಣೆಯಲ್ಲಿ ನನ್ನ ಮಾತು ನಂಬಿ ಕೇರಿಯ ಅಷ್ಟೂ ಮನೆಗಳ ಮತವನ್ನು ನಮ್ಮ ಪೆಟ್ಟಿಗೆಗೆ ಹಾಕಿಸಿದ್ದ. ಅವನ ಸೊಸೆ ಅಂದು ಪರದೆಯ ಹಿಂದೆ ಹೋದಾಗ ತಲೆಯಲ್ಲಿದ್ದ ಕನಕಾಂಬರದ ದಂಡೆಯನ್ನು ತೆಗೆದು ನಮ್ಮ ಪೆಟ್ಟಿಗೆಯ ಮೇಲಿಟ್ಟು ಕೈಮುಗಿದು ಬಂದಿದ್ದಳು. ಸಂಜೆ ಪೆಟ್ಟಿಗೆಗಳಿಗೆ ಮೊಹರು ಹಾಕುವಾಗ ಎಲ್ಲ ಪಕ್ಷದವರೂ ಅದನ್ನು ಕಂಡಿದ್ದರು.

ನಾನು ಕೇರಿಗೆ ಹೋದಾಗಲೆಲ್ಲ ಎಳನೀರು ಕೊಡುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಎಳನೀರು ಭಗವಂತನು ಮುಚ್ಚಿ ಕಳಿಸಿದ ಪಾತ್ರೆ. ಯಾರ ಕೈಯಿಂದ ತೆಗೆದುಕೊಂಡರೂ ಮೈಲಿಗೆಯಿಲ್ಲವೆಂದು ನಾವು ಮಾಡಿಕೊಂಡಿದ್ದ ಅನುಕೂಲ. ಅವರೂ ಅದನ್ನು ಬಲ್ಲವರೇ.

ಮತದಾನಕ್ಕೆ ಎರಡು ವಾರ ಉಳಿದಿತ್ತು. ಅದೊಂದು ಭಾನುವಾರ ಪಟ್ಟಿಯ ಪುಸ್ತಕ ಹಿಡಿದು ಕೇರಿಗೆ ಹೋದೆ. ಯಜಮಾನನ ಮಗ ಚಾಂಪಿಯನ್ ರೀಫ್ಸ್‌ನಲ್ಲಿ ಸುರಂಗದೊಳಗಿನ ಕೆಲಸಗಾರ. ವಾರದ ರಜಕ್ಕೆ ರೈಲಿನಲ್ಲಿ ಬಂದಿದ್ದ. ಜಗಲಿಯ ಮೇಲೆ ಎರಡು ಕಾಗದಗಳನ್ನು ಪಕ್ಕ ಪಕ್ಕ ಹಾಸಿ, ಹಾರದಂತೆ ಕಲ್ಲಿಟ್ಟಿದ್ದರು.

ಯಜಮಾನ ಹೇಳಿದ: "ಬನ್ನಿ ಸಾಮಿ, ಕುತ್ಕಳಿ. ನಾನು ಓದ್ದೋನಲ್ಲ. ಎಣಿಸೋಕೆ ಬತ್ತದೆ. ನಮ್ಮೂರ ಕಾಗದ್ದಾಗೆ ಒಂದು, ಎರಡು, ನಾಕು ಅಂತ ಐತಂತೆ. ಮೂರು ಎಲ್ಲೋಯ್ತು?"

ನಾನು ಬಗ್ಗಿ ನೋಡಿದೆ. ಆ ಅಂಕಿಯನ್ನು ನಾನು ಮೊದಲ ಸಲ ಕಂಡದ್ದು ಆಗ.

"ನಮ್ ಲೈನಾಗೆ ಕೊಟ್ಟಿರೋದ್ರಾಗೆ ಮೂರೈತೆ," ಎಂದ ಮಗ. "ಬಾವಿ ಅಂತೈತೆ, ಓಟ್ಲು ಅಂತೈತೆ, ಗುಡಿ ಅಂತೈತೆ. ಚೆನ್ನಾಗ್ ಬರ್ದವ್ರೆ."

ಸೊಸೆ ಒಳಗಿನಿಂದಲೇ ಅಂದಳು: "ಬುಡು ಮಾವ. ಮೂರು ರೈಲಾಗೇ ಬತ್ತಿತ್ತು. ಬಂಗಾರ್‌ಪೇಟೇಲಿ ಇಳ್ದೋಗೈತೆ."

ಹೊರಗೆ ನಿಂತಿದ್ದವರೆಲ್ಲ ನಕ್ಕರು. ಯಜಮಾನ ನಗಲಿಲ್ಲ. ಮಗ ಕಾಗದಗಳನ್ನು ಮಡಿಸುತ್ತಾ ಹೇಳಿದ: "ಸಾಮಿ, ಗಣಿ ಒಳಗೆ ಕಾದ ಬಂಡೆ ಮಧ್ಯೆ ಒಂದೇ ಪೀಪಾಯಿ ನೀರು ಇಕ್ಕಿರ್ತಾರೆ. ಯಾರು ಮೊದ್ಲು ಓಗ್ತಾನೋ ಅವ್ನು ಕುಡೀತಾನೆ. ರೆಡ್ಡಿನೂ ಅದೇ, ನಾನೂ ಅದೇ. ಮ್ಯಾಲಕ್ ಬಂದು ಊರಿಗ್ ಬಂದ್ರೆ, ನಮ್ಮವ್ಳು ಕೊಡ ಮಡಿಕ್ಕಂಡು ಯಾರಾನ ಉಯ್ಯಲಿ ಅಂತ ನಿಂತಿರ್ತಾಳೆ. ನೀವು ಅಲ್ಲಿ ಒಂದ್ ಮಾತು, ಇಲ್ಲಿ ಒಂದ್ ಮಾತು. ಆ ಪಕ್ಷೇತರ ನಿಂತವ್ನಲ್ಲ, ಅವ್ನು ಎರಡು ಕಡೇನೂ ಅದೇ ಯೋಳ್ತವ್ನೆ."

ಗಣಿ ಲೈನುಗಳ ಕಡೆಯಿಂದ ನಿಂತಿದ್ದ ಪಕ್ಷೇತರ ಅಭ್ಯರ್ಥಿಯ ಮಾತು ಅದು.

"ನೀನು ಸುಮ್ಕಿರ್ಲಾ," ಎಂದು ಯಜಮಾನ ಮಗನನ್ನು ತಡೆದು ನನ್ನ ಕಡೆ ತಿರುಗಿದ. "ಓದ್ಸಲ ಮನೆಮನೆಗೂ ಓಗಿ ಯೋಳ್ದೆ ಸಾಮಿ, ಶಾಸ್ತ್ರಿಗೋಳ ಪೆಟ್ಗೇಗೇ ಆಕಿ ಅಂತ. ಈಗ ಎಲ್ರೂ ನನ್ನ ಕೇಳ್ತವ್ರೆ, ಮೂರು ಎಲ್ಲಿ ಅಂತ. ನನ್ನ ಬಾಯಿಗೆ ಬೆಲೆ ಉಳೀಬೇಕಲ್ಲ. ಒಂದು ಕೆಲ್ಸ ಮಾಡಿ. ಊರ ಚಾವಡೀಲಿ, ಪಟೇಲ್ರ ಮುಂದೆ, ಈ ಮೂರ್ನೇದ್ನ ಓದಿ. ಅಷ್ಟೇಯ. ಆಮ್ಯಾಕೆ ನಾನು ಕೇರಿಗೆ ಯೋಳ್ತೀನಿ."

ಆ ದಿನ ಎಳನೀರು ಕೆತ್ತಿ ಕೊಟ್ಟರು. ಕುಡಿದೆ.

ಮರುದಿನವೇ ಕಾರ್ಯದರ್ಶಿಗಳ ಮಂಡಿಗೆ ಹೋಗಿ, ಹಳ್ಳಿಗಳಿಗೂ ನಾಲ್ಕು ಮಾತಿನ ಕಾಗದವನ್ನೇ ಹೊಸದಾಗಿ ಹೊಡೆಸೋಣ ಎಂದೆ. ಅವರು ಒಪ್ಪಲಿಲ್ಲ. "ಅಂಕಿ ತಪ್ಪಾಗಿದೆ, ಸರಿ. ನಾಲ್ಕನ್ನ ಮೂರು ಮಾಡಿ ಹೊಡೆಸಿ," ಎಂದರು. ಹಳ್ಳಿಯ ದೊಡ್ಡ ಮನೆಗಳ ಮತ ಕೈಬಿಟ್ಟರೆ ಏನಾಗುತ್ತದೆ ಎಂದು ವಿವರಿಸಿದರು. ಕೊನೆಗೆ, "ಆ ಮನೆಗಳೇ ಅಲ್ಲವೇ ನಿಮ್ಮ ಪೂಜೆಯ ಮನೆಗಳು?" ಎಂದು ಮೆತ್ತಗೆ ಕೇಳಿದರು. ನಾನು ಎದ್ದು ಬಂದೆ. ಅಂಕಿಯನ್ನು ತಿದ್ದಿಸಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪಟ್ಟಿಯ ಪುಸ್ತಕ ತೆರೆದರೆ ಹೆಸರುಗಳ ಮೇಲೆ ಕಣ್ಣು ಜಾರುತ್ತಿತ್ತು. ಪಕ್ಷೇತರನ ಕಡೆಯವರಿಗೆ ಸುದ್ದಿ ಸಿಕ್ಕಿತ್ತು. ಕೆಲಸದ ಮೇಲೆ ಊರಿಗಾಂಗೆ ಹೊರಟು ರೈಲು ಹತ್ತಿದರೆ, ಗುರುತಿಲ್ಲದವರು ಎದುರು ಕುಳಿತು ತಮ್ಮತಮ್ಮಲ್ಲೇ ತಮಿಳಿನಲ್ಲಿ "ಒಣ್ಣು, ರೆಂಡು, ನಾಲು" ಎಂದು ಬೆರಳು ಮಡಿಸಿ ನಗುತ್ತಿದ್ದರು. ಸಂಧ್ಯಾವಂದನೆಯಲ್ಲಿ ಮೂರು ಅರ್ಘ್ಯ ಕೊಡುವಾಗ ಮೂರನೆಯದಕ್ಕೆ ಕೈ ತಡೆಯುತ್ತಿತ್ತು. ಅಷ್ಟು ವರ್ಷ ತಪ್ಪದೆ ನಡೆದ ಕರ್ಮ ಅದು. ಅದರೊಳಗೂ ಈ ಕರಪತ್ರ ಬಂದು ಕುಳಿತಿತ್ತು. ಧರ್ಮವೆಂದು ನಾನು ಕಲಿತದ್ದು ಒಂದು ಕಡೆ, ಕಾಯಿದೆಯೆಂದು ನಾನೇ ಬರೆದದ್ದು ಇನ್ನೊಂದು ಕಡೆ. ಎರಡರಲ್ಲಿ ಯಾವುದನ್ನಾದರೂ ಪೂರ್ತಿಯಾಗಿ ನಂಬಿದ್ದರೆ ಮನಸ್ಸು ಅಷ್ಟು ಅಲೆಯುತ್ತಿರಲಿಲ್ಲವೇನೋ.

ಹಳ್ಳಿಯ ಸಭೆ ಮತದಾನಕ್ಕೆ ನಾಲ್ಕು ದಿನ ಮುಂಚೆ, ಬಿಸಿಲು ಇಳಿಯುವ ಹೊತ್ತಿಗೆ. ಚಾವಡಿಯ ಜಗಲಿಯ ಮೇಲೆ ಪಟೇಲರು, ಕಾರ್ಯದರ್ಶಿಗಳು, ನಾನು. ಮುಂದೆ ಊರಿನವರು. ರಸ್ತೆಯ ಆಚೆ ಬದಿಯಲ್ಲಿ ಕೇರಿಯವರು ನಿಂತಿದ್ದರು. ಯಜಮಾನ ಕೋಲೂರಿಕೊಂಡು ಮುಂದಿದ್ದ. ಎದ್ದು ಹಳ್ಳಿಯ ಕಾಗದವನ್ನು ಓದಲಾರಂಭಿಸಿದೆ. ಕೆರೆಯ ಹೂಳು ಆಯಿತು. ರಸ್ತೆ, ದೀಪ ಆಯಿತು. ಮುಂದಿನ ಅಂಕಿಯ ಮುಂದೆ ನಿಂತೆ.

ಅಲ್ಲಿಯವರೆಗೂ ನಾನು ನಿರ್ಧಾರ ಮಾಡಿರಲಿಲ್ಲ. ಗಣಿಯ ಕಾಗದವನ್ನು ಅಂಗವಸ್ತ್ರದ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದು ಮಾತ್ರ ನಿಜ. ನಾಲ್ಕು ಎಂದು ಬಾಯಿ ತೆರೆದವನಿಗೆ ಗುರುಗಳ ಮುಖ ಕಂಡಿತು ಎಂದರೆ ಕಥೆ ಚೆನ್ನಾಗಿರುತ್ತದೆ, ಹಾಗೆ ಆಗಲಿಲ್ಲ. ಮೂರು ಹೇಳದೆ ನಾಲ್ಕು ಹೇಳಲು ನಾಲಿಗೆ ಏಳಲಿಲ್ಲ, ಅಷ್ಟೆ. ಗಂಟು ಬಿಚ್ಚಿ ಆ ಕಾಗದ ತೆಗೆದು ಮೂರನೆಯ ಮಾತನ್ನು ಮೊದಲಿನಿಂದ ಕೊನೆಯವರೆಗೆ, ರಸ್ತೆಯ ಆಚೆಗೂ ಕೇಳುವಂತೆ ಓದಿದೆ.

ಪಟೇಲರು ಹೊಗೆಸೊಪ್ಪನ್ನು ಬಾಯಿಯ ಒಂದು ಕಡೆಗೆ ಒತ್ತಿಕೊಂಡರು. "ಸ್ವಾಮಿ, ಇದು ನಮ್ಮೂರಿಗೆ ಕೊಟ್ಟ ಕಾಗದದಾಗಿಲ್ಲ."

"ಇಲ್ಲ ಪಟೇಲರೇ. ಇರಬೇಕಾಗಿತ್ತು. ತೆಗೆಸಿ ಅಚ್ಚು ಹಾಕಿಸಿದವನು ನಾನೇ."

"ಯಾವ ಬಾವಿ ಅಂತೀರಿ?"

"ಎದುರಿಗಿರುವುದು."

ಕಾರ್ಯದರ್ಶಿಗಳು ಎದ್ದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಮಂಡಿಯಲ್ಲಿ ಕೊಳ್ಳುವವರನ್ನು ಸಮಾಧಾನಪಡಿಸುವ ನಗುವೇ ಇತ್ತು. "ಶಾಸ್ತ್ರಿಗಳು ದೊಡ್ಡವರು. ಅವರು ಈಗ ಓದಿದ್ದು ಅವರ ಸ್ವಂತ ಅಭಿಪ್ರಾಯ. ಪಕ್ಷದ ಮಾತು ನಿಮ್ಮ ಕೈಯಲ್ಲಿರೋ ಕಾಗದದಲ್ಲಿ ಇದೆ. ಊರಿನ ಪದ್ಧತೀಲಿ ನಾವು ಕೈಹಾಕೋದಿಲ್ಲ," ಎಂದು ಕುಳಿತುಬಿಟ್ಟರು.

ಸಭೆ ಮುರಿಯಲಿಲ್ಲ, ಗಲಾಟೆಯಾಗಲಿಲ್ಲ. ಜನ ಒಬ್ಬೊಬ್ಬರೇ ಪಂಚೆ ಕೊಡವಿಕೊಂಡು ಎದ್ದರು. ಪಟೇಲರು ಹೊರಡುವಾಗ ನನಗೆ ನಮಸ್ಕಾರ ಮಾಡಿಯೇ ಹೇಳಿದರು: "ಹುಣ್ಣಿಮೆ ಪೂಜೆಗೆ ತಾವು ದಣೀಬೇಡಿ ಸ್ವಾಮಿ. ಬೇರೆಯೋರಿಗೆ ಹೇಳಿಕೊಳ್ತೀವಿ." ರಸ್ತೆಯ ಆಚೆ ನೋಡಿದೆ. ಕೇರಿಯವರು ಆಗಲೇ ತಿರುಗಿ ನಡೆಯುತ್ತಿದ್ದರು.

ಮತದಾನದ ದಿನ ನಾನು ಅದೇ ಊರಿನ ಮತಗಟ್ಟೆಯಲ್ಲಿ ಪಕ್ಷದ ಏಜೆಂಟನಾಗಿ ಕುಳಿತೆ. ಹೆಸರು ಮೊದಲೇ ಕೊಟ್ಟಾಗಿತ್ತು, ಬದಲಾಯಿಸಲು ಅವರಿಗೆ ಹೊತ್ತಿರಲಿಲ್ಲ. ಕೇರಿಯವರು ಬೆಳಿಗ್ಗೆಯೇ ಒಟ್ಟಾಗಿ ಬಂದು ಸಾಲಿನಲ್ಲಿ ನಿಂತರು. ಯಜಮಾನ ನನ್ನನ್ನು ಕಂಡು ಕೈಯೆತ್ತಿ ಮುಗಿದ. ಸೊಸೆ ಮುಡಿದು ಬಂದಿದ್ದಳು, ಎಂದಿನಂತೆ ಕನಕಾಂಬರ. ಪರದೆಯ ಹಿಂದಿನಿಂದ ಅವಳು ಹೊರಬಂದಾಗ ತಲೆಯಲ್ಲಿ ಹೂವಿರಲಿಲ್ಲ.

ಸಂಜೆ ಮತದಾನ ಮುಗಿದ ಮೇಲೆ ಅಧಿಕಾರಿಗಳು ಏಜೆಂಟರನ್ನೆಲ್ಲ ಪರದೆಯ ಹಿಂದಕ್ಕೆ ಕರೆದರು. ಪೆಟ್ಟಿಗೆಗಳು ಬೆಂಚಿನ ಮೇಲೆ ಸಾಲಾಗಿ ಇದ್ದವು. ನಮ್ಮ ಪೆಟ್ಟಿಗೆಯ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಕನಕಾಂಬರದ ದಂಡೆ ಪಕ್ಷೇತರನ ಪೆಟ್ಟಿಗೆಯ ಮೇಲಿತ್ತು. ಜಾರಿ ಬೀಳದಂತೆ ಹಿಡಿಕೆಗೆ ಒಂದು ಸುತ್ತು ಸುತ್ತಿಟ್ಟಿದ್ದಳು. ಅಧಿಕಾರಿಗಳು ಅದನ್ನು ಬಿಚ್ಚಿ, ಎಲ್ಲಿಡಬೇಕೋ ತಿಳಿಯದೆ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕಿಟಕಿಯ ಮೇಲಿಟ್ಟು ಮೊಹರಿನ ಅರಗು ಕಾಯಿಸಲು ಮೋಂಬತ್ತಿ ಹಿಡಿದೆ.

ಹೂವು ತೋರಿಸಿದ್ದೇ ಎಣಿಕೆಯಲ್ಲಿ ನಿಜವಾಯಿತು. ಮತಗಟ್ಟೆಗೆ ಮತಗಟ್ಟೆ ಪೆಟ್ಟಿಗೆಗಳನ್ನು ಒಡೆದಾಗ ಆ ಊರಿನ ನಮ್ಮ ಪೆಟ್ಟಿಗೆಯಿಂದ ಬಿದ್ದ ಕಾಗದ ಒಂದು ಹಿಡಿಯಷ್ಟೂ ಇರಲಿಲ್ಲ. ಊರಿನವರು ನಾನು ಓದಿದ್ದಕ್ಕಾಗಿ ಬಿಟ್ಟರು, ಕೇರಿಯವರು ಪಕ್ಷ ಓದದಿದ್ದುದಕ್ಕಾಗಿ ಬಿಟ್ಟರು. ಮೂರನೆಯ ಮಾತನ್ನು ಯಾರೂ ಎತ್ತದ ಬೇರೆ ಹಳ್ಳಿಗಳ ಬಲದಿಂದ ನಮ್ಮ ಅಭ್ಯರ್ಥಿ ಗೆದ್ದರು. ಕಾರ್ಯದರ್ಶಿಗಳು ಹಾರ ಹಾಕಿಸಿಕೊಂಡು ಹೋಗುತ್ತಾ ನನ್ನ ಬಳಿ ನಿಂತು, "ನೋಡಿದ್ರಾ ಶಾಸ್ತ್ರಿಗಳೇ, ಲೆಕ್ಕ ಸರಿಹೋಯಿತು," ಎಂದರು. ಮರುದಿನ ಪಟ್ಟಿಯ ಪುಸ್ತಕಗಳನ್ನು ಕಚೇರಿಯ ಮೇಜಿನ ಮೇಲೆ ಜೋಡಿಸಿಟ್ಟು ಬಂದೆ. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಹತ್ತು ದಿನ ಕಳೆದ ಮೇಲೆ ಯಜಮಾನ ಹೇಳಿ ಕಳಿಸಿದ. ಹೋದೆ. ಅವನು ಮಾತು ಸುತ್ತಲಿಲ್ಲ.

"ಬ್ಯಾಸರ ಮಾಡ್ಕಬ್ಯಾಡಿ ಸಾಮಿ. ನೀವು ಓದಿದ್ರಿ, ನಾನು ಕೇಳಿಸ್ಕಂಡೆ. ನಿಮ್ಮ ಪಕ್ಕದಾಗಿದ್ದೋನು ಎದ್ದು ಅಳಿಸಿಬುಟ್ಟ, ಅದ್ನೂ ಕೇಳಿಸ್ಕಂಡೆ. ಪೆಟ್ಗೆ ನಿಮ್ದಾಗಿದ್ರೆ ನಿಮ್ಗೇ ಆಕ್ತಿದ್ವಿ. ಪೆಟ್ಗೆ ಅವ್ನದು."

"ತಪ್ಪು ಮಾಡಲಿಲ್ಲ ನೀವು," ಎಂದೆ. ಅವನನ್ನು ಬಹುವಚನದಲ್ಲಿ ಕರೆದದ್ದು ನನ್ನ ಗಮನಕ್ಕೆ ಬಂದದ್ದು ಮಾತು ಮುಗಿದ ಮೇಲೆ.

ಕರೆಸಿದ್ದು ಅರ್ಜಿ ಬರೆಸುವುದಕ್ಕೆ. ತಾಲ್ಲೂಕಿನ ಅಮಲ್ದಾರರಿಗೆ, ಆ ಕಾಯಿದೆಯ ಪ್ರಕಾರ, ಊರ ಬಾವಿಯ ವಿಷಯವಾಗಿ. ಬರೆದೆ. ಒಂದು, ಬಾವಿ ಸರ್ಕಾರದ ಖರ್ಚಿನದು. ಎರಡು, ನಮ್ಮನ್ನು ಸೇದಲು ಬಿಡುತ್ತಿಲ್ಲ. ಮೂರು, ಸೇದಲು ರಕ್ಷಣೆ ಕೊಡಬೇಕು. ಗಟ್ಟಿಯಾಗಿ ಓದಿದೆ, ಯಜಮಾನರು ಬೆರಳು ಮಡಿಸಿ ಎಣಿಸಿಕೊಂಡರು. ಕಣ್ಣಾರೆ ಕಂಡ ಸಾಕ್ಷಿ ಒಬ್ಬರು ಬೇಕಾಗಿತ್ತು. ಅಷ್ಟು ವರ್ಷ ಆ ಹೆಂಗಸರ ಮುಂದೆ ನೀರು ಸೇದಿಕೊಂಡು ಹೋದವನು ನಾನು. ನನಗಿಂತ ಒಳ್ಳೆಯ ಸಾಕ್ಷಿ ಯಾರು? ಸಹಿ ಹಾಕಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಮಲ್ದಾರರು ಪೊಲೀಸರೊಡನೆ ಬಂದು ನಿಂತರೆಂದೂ, ಮೊದಲ ಕೊಡ ಸೇದಿದವಳು ಆ ಸೊಸೆಯೆಂದೂ, ಊರಿನವರು ಬಹಳ ಕಾಲ ತೋಟದ ಬಾವಿಗಳಿಂದ ನೀರು ತಂದುಕೊಂಡರೆಂದೂ ಆಮೇಲೆ ಕೇಳಿದೆ.

ಸಹಿ ಹಾಕಿದ ದಿನದ ಮಾತು ಇನ್ನೊಂದಿದೆ. ಬಿಸಿಲಿತ್ತು, ಮೂರು ಮೈಲಿ ನಡೆದು ಬಂದಿದ್ದೆ. ಎಳನೀರು ಬರಲಿಲ್ಲ. ಸೊಸೆ ಕಂಚಿನ ಚೊಂಬಿನಲ್ಲಿ ನೀರು ತಂದು ಅರ್ಜಿಯ ಪಕ್ಕದಲ್ಲಿಟ್ಟಳು.

"ಇದು ನೀವು ಪೂಜೆಗೆ ಸೇದ್ತಿದ್ದ ಬಾವಿ ನೀರೇ ಸಾಮಿ. ಬೆಳಿಗ್ಗೆಯಿಂದ ನಿಂತು ಉಯ್ಸಿಕ್ಕಂಡು ಬಂದಿವ್ನಿ. ಚೊಂಬು ಮಾತ್ರ ನಮ್ದು."

ಯಜಮಾನರು ಬೇರೆ ಕಡೆ ನೋಡುತ್ತಿದ್ದರು. ಚೊಂಬನ್ನು ಎತ್ತಿದೆ. ಮೇಲಿನಿಂದ ಬಾಯಿಗೆ ಹೊಯ್ದುಕೊಂಡು ಕುಡಿಯುವುದು ನಮ್ಮ ಕ್ರಮ. ಅರ್ಧ ಎದೆಯ ಮೇಲೆ ಚೆಲ್ಲಿತು. ಉಳಿದರ್ಧ ಒಳಗೆ ಹೋಯಿತು.

ಮನೆಗೆ ಬಂದು ಸ್ನಾನ ಮಾಡಿದಿರಾ ಎಂದು ಇದನ್ನು ಕೇಳಿದವರು ಪ್ರಶ್ನಿಸುವುದುಂಟು. ಮಾಡಿದೆ. ದಿನವೂ ಸಂಜೆ ಮಾಡುವ ಸ್ನಾನವೋ ಅದು, ಅಥವಾ ಬೇರೆಯದೋ ಎಂಬುದನ್ನು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ.